ಡಾಲರ್ ಅಂಡರ್‌ಸ್ಕೋರ್ ಅಂದ್ರೆ 'ಅದು'. ಆದ್ರೆ ಯಾವುದು?

ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಿಂದ ಮಾತಾಡ್ತಿದ್ದೀವಿ. ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್ ಅಲ್ಲ, 2012ರ ಒಲಿಂಪಿಕ್ಸ್ ನಡೆದ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್. ಬರೀ 'ಸ್ಟ್ರಾಟ್‌ಫರ್ಡ್' ಅಂದ್ರೆ ಇಲ್ಲಿ ಟ್ಯೂಬ್‌ನಲ್ಲಿ ಓಡಾಡೋರಿಗೆ ಒಂದು ಊರು, ಮೈಸೂರಲ್ಲಿ ಇಂಗ್ಲಿಷ್ ಎಂಎ ಓದಿದವರಿಗೆ ಇನ್ನೊಂದು ಊರು. ಹೇಳೋರು ಯಾವುದು ಅಂತ ಬಿಡಿಸಿ ಹೇಳಲ್ಲ, ಕೇಳೋರು ತಮಗೆ ಗೊತ್ತಿರೋದನ್ನ ತುಂಬಿಕೊಳ್ತಾರೆ. ಇವತ್ತಿನ ಮಾತು ಇಂಥ ತುಂಬಿಕೊಳ್ಳುವಿಕೆ ಬಗ್ಗೆಯೇ. ಈ ಸಂಚಿಕೆಯಲ್ಲಿ ಅತಿಥಿಗಳಿಲ್ಲ, ಸಂದರ್ಶನ ಇಲ್ಲ. ನಮ್ಮ ಅಭಿಪ್ರಾಯ ಮಾತ್ರ. ಒಪ್ಪದಿದ್ರೆ ಜಗಳಕ್ಕೆ ಬನ್ನಿ.

ಪರ್ಲ್, ಆಕ್, ಬ್ಯಾಶ್, ಪೈಥಾನ್, ಆರ್ ಇವೆಲ್ಲ ಸ್ಕ್ರಿಪ್ಟಿಂಗ್ ಭಾಷೆಗಳು. ಇವುಗಳಲ್ಲಿ ನೀವು ಮೊದಲ ಸಾಲು ಬರೆಯೋದಕ್ಕೆ ಮುಂಚೆಯೇ ಕೆಲವು ವೇರಿಯೇಬಲ್‌ಗಳು ಹುಟ್ಟಿ, ಬೆಲೆ ತುಂಬಿಕೊಂಡು ಕೂತಿರ್ತವೆ. ಅವನ್ನ ಯಾರೂ ಘೋಷಿಸಿಲ್ಲ, ಯಾರೂ ಕರೆದಿಲ್ಲ. ಬಾಡಿಗೆ ಮನೆಗೆ ಹೋದಾಗ ಅಡುಗೆಮನೆ ಕಪಾಟಲ್ಲಿ ಹಳೇ ಬಾಡಿಗೆದಾರರ ಉಪ್ಪಿನ ಡಬ್ಬಿ ಇರತ್ತಲ್ಲ, ಹಾಗೆ. ಉಪ್ಪೇ ಇರಬಹುದು, ಸಕ್ಕರೆಯೂ ಇರಬಹುದು. ನಮ್ಮ ವಾದ ಇಷ್ಟು: ಜೀವಶಾಸ್ತ್ರದ ಮಕ್ಕಳಿಗೆ ನಾವು ಲೂಪ್ ಕಲಿಸ್ತೀವಿ, ಫಂಕ್ಷನ್ ಕಲಿಸ್ತೀವಿ, ಈ ಡಬ್ಬಿಗಳನ್ನ ತೆರೆದು ತೋರಿಸಲ್ಲ. ಅದರಿಂದ ಹಾಳಾಗೋದು ಕೋಡ್ ಅಲ್ಲ, ಫಲಿತಾಂಶ.

ಎಲ್ಲಕ್ಕಿಂತ ಹೆಸರಾದದ್ದು ಪರ್ಲ್‌ನ $_. ಡಾಲರ್ ಅಂಡರ್‌ಸ್ಕೋರ್ ಅಂತ ಓದ್ತೀವಿ. 'ಈಗ ಕೈಯಲ್ಲಿರೋದು' ಅಂತ ಅರ್ಥ. ಫೈಲಿನಿಂದ ಒಂದು ಸಾಲು ಓದಿದ್ರೆ ಅದು ಇದರೊಳಗೆ ಹೋಗಿ ಕೂರುತ್ತೆ. ಆಮೇಲೆ 'ಹುಡುಕು' ಅಂದ್ರೆ ಅದರಲ್ಲೇ ಹುಡುಕುತ್ತೆ, 'ಪ್ರಿಂಟ್ ಮಾಡು' ಅಂದ್ರೆ ಅದನ್ನೇ ಮಾಡುತ್ತೆ. ಇಂಗ್ಲಿಷ್ ಪುಸ್ತಕಗಳು ಇದನ್ನ ವಿವರಿಸೋಕೆ ಎರಡು ಪುಟ ತಗೊಳ್ತವೆ. ಕನ್ನಡದವರಿಗೆ ಎರಡು ಸಾಲು ಸಾಕು. ಅಮ್ಮ ಫೋನಲ್ಲಿ ಹಾಗಲಕಾಯಿ ಗೊಜ್ಜು ಹೇಳಿಕೊಡೋದನ್ನ ನೆನಪಿಸಿಕೊಳ್ಳಿ: "ತೊಳಿ, ಹೆಚ್ಚು, ಉಪ್ಪು ಸವರಿ ಹತ್ತು ನಿಮಿಷ ಬಿಡು, ಹಿಂಡಿ ತೆಗಿ." ಹಾಗಲಕಾಯಿ ಅನ್ನೋ ಮಾತು ಒಂದೇ ಸಲ ಬಂತು. ಉಳಿದ ಕಡೆ ಕರ್ಮಪದ ಇಲ್ಲವೇ ಇಲ್ಲ, ಆದ್ರೂ ನಮಗೆ ಗೊಂದಲ ಆಗಲ್ಲ. ಪರ್ಲ್ ಕಟ್ಟಿದ ಲ್ಯಾರಿ ವಾಲ್ ಭಾಷಾಶಾಸ್ತ್ರ ಓದಿದವರು. 1987ರಲ್ಲಿ ಬಂದ ಅವರ ಭಾಷೆಗೆ ಈ ಗುಣ ಎಲ್ಲಿಂದ ಬಂತು ಅಂತ ಆಶ್ಚರ್ಯ ಪಡೋ ಹಾಗಿಲ್ಲ.

ತೊಂದರೆ ಶುರುವಾಗೋದು ಅಮ್ಮ ನಡುವೆ ಮಾತು ಬದಲಿಸಿದಾಗ. "ಕುಕ್ಕರಲ್ಲಿ ಬೇಳೆ ಇಟ್ಟಿದ್ದೀಯ ತಾನೇ? ಒಂದ್ಸಲ ನೋಡು. ಆಮೇಲೆ ಹಿಂಡಿ ತೆಗಿ." ಬೇಳೆಯನ್ನ ಯಾರೂ ಹಿಂಡಲ್ಲ. ನಮ್ಮ ತಲೆ ಹಾಗಲಕಾಯಿಗೆ ವಾಪಸ್ ಹೋಗುತ್ತೆ. ಪರ್ಲ್‌ಗೆ ಆ ಲೋಕಜ್ಞಾನ ಇಲ್ಲ, ಅದು ಬೇಳೆ ಹಿಂಡುತ್ತೆ. ಮಾದರಿಗಳ ಪಟ್ಟಿ ಮೇಲೆ ಒಂದು ಲೂಪ್ ಓಡಿಸ್ತಿದ್ದೀರಿ ಅಂದ್ಕೊಳ್ಳಿ. ಒಳಗೆ ಒಂದು ಫಂಕ್ಷನ್ ಕರೆದ್ರಿ. ಆ ಫಂಕ್ಷನ್ ಒಂದು ಫೈಲ್ ತೆರೆದು ವೈಲ್ ಲೂಪಲ್ಲಿ ಸಾಲುಸಾಲಾಗಿ ಓದುತ್ತೆ. ಅಲ್ಲೂ ಅದೇ ಡಾಲರ್ ಅಂಡರ್‌ಸ್ಕೋರ್. ಫೋರ್ ಲೂಪ್ ಮುಗಿದ ಮೇಲೆ ಹಳೇ ಬೆಲೆಯನ್ನ ಅದರ ಜಾಗದಲ್ಲಿ ಇಡುತ್ತೆ, ವೈಲ್ ಲೂಪ್ ಇಡಲ್ಲ. ಜೊತೆಗೆ ಫೋರ್ ಲೂಪಿನೊಳಗಿರೋ ಡಾಲರ್ ಅಂಡರ್‌ಸ್ಕೋರ್ ಪಟ್ಟಿಯ ನಕಲು ಅಲ್ಲ, ಪಟ್ಟಿಯ ಅಂಶವೇ. ಹಾಗಾಗಿ ಒಳಗಿನ ಫಂಕ್ಷನ್ ಫೈಲ್ ಓದಿ ಮುಗಿಸೋ ಹೊತ್ತಿಗೆ ಹೊರಗಿನ ಪಟ್ಟಿಯಿಂದ ನಿಮ್ಮ ಮಾದರಿಯ ಹೆಸರು ಅಳಿಸಿಹೋಗಿರುತ್ತೆ.

ಇದೆಲ್ಲ ಹಳೇ ಕಾಲದ ಕಥೆ, ಈಗ ಯಾರು ಪರ್ಲ್ ಬರೀತಾರೆ ಅಂತ ನಿಮ್ಮಲ್ಲಿ ಕೆಲವರು ಈಗಾಗಲೇ ಗೊಣಗ್ತಿರಬಹುದು. ಸ್ವಲ್ಪ ತಡೀರಿ. ಮಾನವ ಜೀನೋಮ್ ಯೋಜನೆ ನಡೀತಿದ್ದಾಗ, ಕೇಂಬ್ರಿಡ್ಜ್ ಹತ್ತಿರದ ಹಿಂಕ್ಸ್‌ಟನ್ ಹಳ್ಳಿಯಲ್ಲಿದ್ದ ಸ್ಯಾಂಗರ್ ಸೆಂಟರೂ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೇಂದ್ರವೂ ಒಂದೇ ಥರದ ಕೆಲಸ ಮಾಡ್ತಿದ್ರೂ ಒಬ್ಬರ ದತ್ತಾಂಶ ಇನ್ನೊಬ್ಬರಿಗೆ ನೇರವಾಗಿ ಓದೋಕೆ ಬರ್ತಿರಲಿಲ್ಲ. ನಡುವೆ ಸೇತುವೆ ಕಟ್ಟಿದ್ದು ಪರ್ಲ್. ಲಿಂಕನ್ ಸ್ಟೀನ್ 1996ರಲ್ಲಿ ಪರ್ಲ್ ಜರ್ನಲ್‌ನಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಪರ್ಲ್ ಜೀನೋಮ್ ಯೋಜನೆಯನ್ನ ಉಳಿಸಿದ್ದು ಹೇಗೆ ಅಂತ. ಅದೇ ಹಿಂಕ್ಸ್‌ಟನ್‌ನ ಎನ್ಸೆಂಬಲ್ ತನ್ನ ದತ್ತಾಂಶದ ಮೂಲ ಕೋಡನ್ನ ಪರ್ಲ್‌ನಲ್ಲೇ ಕಟ್ಟಿತು. ಡಿಎನ್‌ಎ ಬದಲಾವಣೆಯೊಂದು ಯಾವ ಜೀನಿಗೆ ಏನು ಮಾಡುತ್ತೆ ಅಂತ ಹೇಳೋ ಅವರ ವೇರಿಯಂಟ್ ಎಫೆಕ್ಟ್ ಪ್ರೆಡಿಕ್ಟರ್ ಕೂಡ ಪರ್ಲ್ ಪ್ರೋಗ್ರಾಂ. ರೋಗಿಗಳ ವರದಿಗಳ ಹಿಂದೆ ಇಂಥ ಕೋಡ್ ಇದೆ. ಬರೆದವರಲ್ಲಿ ಎಷ್ಟೋ ಜನ ಈಗ ಆ ಕುರ್ಚಿಗಳಲ್ಲಿಲ್ಲ.

ಈಗ ಡಾಲರ್ ಸ್ಲ್ಯಾಶ್, ಅಂದ್ರೆ $/. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಪಾಯದ್ದು, ಎಲ್ಲಕ್ಕಿಂತ ಚಂದದ್ದೂ ಹೌದು. ಒಂದು 'ಸಾಲು' ಎಲ್ಲಿ ಮುಗಿಯುತ್ತೆ ಅಂತ ಹೇಳೋ ವೇರಿಯೇಬಲ್ ಇದು. ಸುಮ್ಮನೆ ಬಿಟ್ರೆ ಹೊಸ ಸಾಲಿನ ಗುರುತು ಬಂದ ಕಡೆ. ಜೀವಶಾಸ್ತ್ರಜ್ಞರಿಗೆ ಇದು ವರ. ನಮ್ಮ ಫಾಸ್ಟಾ ಫೈಲಿನಲ್ಲಿ ಪ್ರತಿ ಸರಣಿಯ ತಲೆಬರಹ > ಚಿಹ್ನೆಯಿಂದ ಶುರುವಾಗುತ್ತೆ, ಕೆಳಗೆ ಎ, ಸಿ, ಜಿ, ಟಿ ಅಕ್ಷರಗಳು ಹತ್ತಾರು ಸಾಲು ಹರಿದಿರ್ತವೆ. ಡಾಲರ್ ಸ್ಲ್ಯಾಶ್‌ಗೆ > ಅಂತ ಬೆಲೆ ಕೊಟ್ಟುಬಿಟ್ರೆ ಮುಗೀತು, ಒಂದೊಂದು ಸಲಕ್ಕೆ ಒಂದೊಂದು ಪೂರ್ತಿ ಸರಣಿ ಕೈಗೆ ಬರುತ್ತೆ. ಆಕ್‌ನಲ್ಲಿ ಇದೇ ಕೆಲಸಕ್ಕೆ ಆರ್‌ಎಸ್ ಅನ್ನೋ ವೇರಿಯೇಬಲ್ ಇದೆ. ಎರಡು ಸಾಲಲ್ಲಿ ಆಗೋ ಕೆಲಸ, ನೋಡೋಕೂ ಸೊಗಸು.

ಆದ್ರೆ ತಲೆಬರಹದೊಳಗೇ > ಬಂದ್ರೆ? ಜಿಜೆಬಿ2 ಅನ್ನೋ ಜೀನ್ ಕೆಟ್ಟರೆ ಹುಟ್ಟು ಕಿವುಡುತನ ಬರಬಹುದು. ಭಾರತದಲ್ಲಿ ಹೆಚ್ಚಾಗಿ ಕಾಣೋ ಒಂದು ಬದಲಾವಣೆಯಲ್ಲಿ 71ನೇ ಜಾಗದ ಜಿ ಹೋಗಿ ಎ ಆಗಿರುತ್ತೆ. ಇದನ್ನ ಬರೆಯೋ ಅಂತಾರಾಷ್ಟ್ರೀಯ ಪದ್ಧತಿ ಏನು ಗೊತ್ತಾ? 71, ಜಿ, ಆಮೇಲೆ > ಚಿಹ್ನೆ, ಆಮೇಲೆ ಎ. ಯಾರೋ ಶಿಸ್ತಿನ ವಿದ್ಯಾರ್ಥಿ ತಲೆಬರಹದಲ್ಲಿ ಇದನ್ನ ನೀಟಾಗಿ ನಮೂದಿಸಿದ್ರೆ, ಸ್ಕ್ರಿಪ್ಟ್ ಆ ತಲೆಬರಹವನ್ನ ಅಲ್ಲೇ ಕತ್ತರಿಸುತ್ತೆ. ರೋಗಿಯ ಗುರುತು ಇರೋ ಅರ್ಧಕ್ಕೆ ಸರಣಿಯೇ ಇಲ್ಲ, ಸರಣಿ ಇರೋ ಅರ್ಧದ ಹೆಸರು 'ಎ'. ದೋಷದ ಸಂದೇಶ ಬರಲ್ಲ. ಸರಣಿಗಳ ಎಣಿಕೆ ಮಾತ್ರ ಒಂದು ಹೆಚ್ಚಾಗಿರುತ್ತೆ. ಹೊಸ ಸಾಲಿನ ಗುರುತು ಮತ್ತು > ಎರಡನ್ನೂ ಸೇರಿಸಿ ಗಡಿ ಅಂತ ಕೊಟ್ಟಿದ್ರೆ ಇದು ಆಗ್ತಿರಲಿಲ್ಲ. ಗೊತ್ತಿರೋರು ಹಾಗೇ ಬರೀತಾರೆ, ಗೊತ್ತಿಲ್ಲದೋರು ನಕಲು ಮಾಡಿದ ಸ್ಕ್ರಿಪ್ಟ್ ಓಡಿಸ್ತಾರೆ.

ಇದಕ್ಕಿಂತ ಮೆತ್ತಗೆ ಕೊಲ್ಲೋದು ಇನ್ನೊಂದಿದೆ. ಡಾಲರ್ ಸ್ಲ್ಯಾಶ್ ಇಡೀ ಪ್ರೋಗ್ರಾಂಗೆ ಒಂದೇ. ಬದಲಿಸುವಾಗ ಮುಂದೆ 'ಲೋಕಲ್' ಅನ್ನೋ ಪದ ಹಾಕಿದ್ರೆ ಆ ಬ್ಲಾಕ್ ಮುಗಿದ ಕೂಡಲೇ ಹಳೇ ಬೆಲೆ ಬರುತ್ತೆ. ಹಾಕದಿದ್ರೆ ಆಮೇಲೆ ಓದೋ ಪ್ರತಿ ಫೈಲಿಗೂ ಹೊಸ ಗಡಿಯೇ. ಇನ್ನೂರು ರೋಗಿಗಳ ಪಟ್ಟಿ ಇರೋ ಫೈಲಿನಲ್ಲಿ > ಎಲ್ಲೂ ಇಲ್ಲ ಅಂದ್ರೆ ಪ್ರೋಗ್ರಾಂ ಅದನ್ನ ಒಂದೇ ಸಾಲು ಅಂತ ಓದುತ್ತೆ. ಇನ್ನೂರು ಜನ ಒಬ್ಬರಾಗ್ತಾರೆ.

ಶೆಲ್ ಕಡೆ ಬಂದ್ರೆ ತಮಾಷೆ ಬೇರೆ. ಡಾಲರ್ ಒಂದು, ಅಂದ್ರೆ $1, ಬ್ಯಾಶ್‌ನಲ್ಲಿ ಸ್ಕ್ರಿಪ್ಟ್‌ಗೆ ಕೊಟ್ಟ ಮೊದಲ ಪದ. ಆಕ್‌ನಲ್ಲಿ ಸಾಲಿನ ಮೊದಲ ಕಾಲಂ. ಪರ್ಲ್‌ನಲ್ಲಿ ಹುಡುಕಾಟದ ಮೊದಲ ಆವರಣದೊಳಗೆ ಸಿಕ್ಕಿದ್ದು. ಮೂರೂ ಭಾಷೆ ಒಂದೇ ಕಮಾಂಡ್ ಸಾಲಲ್ಲಿ ಬರೋದು ನಮ್ಮ ಕೆಲಸದಲ್ಲಿ ದಿನನಿತ್ಯದ ಮಾತು. ಆಕ್‌ನ ಆದೇಶವನ್ನ ಒಂಟಿ ಉದ್ಧರಣ ಚಿಹ್ನೆಯ ಬದಲು ಜೋಡಿ ಚಿಹ್ನೆಯೊಳಗೆ ಹಾಕಿ ನೋಡಿ. ಆಕ್ ನೋಡೋದಕ್ಕೆ ಮುಂಚೆಯೇ ಶೆಲ್ ಆ ಡಾಲರ್ ಒಂದನ್ನ ತನ್ನದು ಅಂದ್ಕೊಂಡು ತುಂಬಿಬಿಡುತ್ತೆ. ಟರ್ಮಿನಲ್‌ನಲ್ಲಿ ಅದರ ಬೆಲೆ ಸಾಮಾನ್ಯವಾಗಿ ಖಾಲಿ. ಆಕ್‌ಗೆ ಸಿಗೋದು ಬರೀ 'ಪ್ರಿಂಟ್'. ಬರೀ ಪ್ರಿಂಟ್ ಅಂದ್ರೆ ಪೂರ್ತಿ ಸಾಲು. ಮೊದಲ ಕಾಲಂ ಕೇಳಿದ್ರಿ, ಇಡೀ ಟೇಬಲ್ ಬಂತು, ದೋಷ ಏನೂ ಇಲ್ಲ.

ದೋಷ ಇಲ್ಲ ಅಂತ ತಿಳಿಸೋಕೂ ಒಂದು ವೇರಿಯೇಬಲ್ ಇದೆ, $?. ಹಿಂದಿನ ಆದೇಶ ಗೆದ್ದಿತಾ ಸೋತಿತಾ ಅಂತ ಹೇಳುತ್ತೆ. ಸೊನ್ನೆ ಅಂದ್ರೆ ಪಾಸ್, ಅದೊಂದು ವಿಚಿತ್ರ ಶಾಲೆ. ಈಗ ನೋಡಿ, ಸೀಕ್ವೆನ್ಸಿಂಗ್ ಕೇಂದ್ರದಿಂದ ಕುಗ್ಗಿಸಿದ ಫೈಲ್ ಇಳಿಸಿಕೊಂಡ್ರಿ, ನಡುವೆ ವೈಫೈ ಹೋಗಿ ಮುಕ್ಕಾಲು ಭಾಗ ಮಾತ್ರ ಬಂತು. ಅದನ್ನ ಬಿಚ್ಚಿ, ಪೈಪ್ ಮೂಲಕ ಸೋಸಿ, ಮತ್ತೆ ಪೈಪ್ ಮೂಲಕ ಸಾರ್ಟ್‌ಗೆ ಕಳಿಸಿದ್ರಿ. ಬಿಚ್ಚೋ ಪ್ರೋಗ್ರಾಂ ಅರ್ಧದಲ್ಲೇ ಸತ್ತಿತು. ಸಾರ್ಟ್ ಮಾತ್ರ ತನಗೆ ಬಂದಷ್ಟನ್ನ ಚೆನ್ನಾಗಿ ಜೋಡಿಸಿ ಕೊಟ್ಟಿತು. ಡಾಲರ್ ಪ್ರಶ್ನೆ ಹೇಳೋದು ಸರಪಳಿಯ ಕೊನೆಯವರ ಫಲಿತಾಂಶ, ಹಾಗಾಗಿ ಉತ್ತರ ಸೊನ್ನೆ, ಎಲ್ಲ ಸರಿ. ಮುಂದಿನ ಹಂತ ಮುಕ್ಕಾಲು ದತ್ತಾಂಶದ ಮೇಲೆ ಓಡುತ್ತೆ. ಒಂದು ಜೀನ್ ಗೆಡ್ಡೆಯ ಜೀವಕೋಶದಲ್ಲಿ 'ಕಡಿಮೆ' ಇದೆ ಅನ್ನೋ ತೀರ್ಮಾನದ ಹಿಂದೆ ಹೋಟೆಲಿನ ವೈಫೈ ಇರಬಹುದು. ಬ್ಯಾಶ್‌ನಲ್ಲಿ ಇದಕ್ಕೆ ಮದ್ದಿದೆ: ಸ್ಕ್ರಿಪ್ಟಿನ ಆರಂಭದಲ್ಲಿ 'ಸೆಟ್ ಮೈನಸ್ ಓ ಪೈಪ್‌ಫೇಲ್' ಅನ್ನೋ ಒಂದು ಸಾಲು, ಇಲ್ಲವೇ ಪೈಪ್‌ಸ್ಟೇಟಸ್ ಅನ್ನೋ ಇನ್ನೊಂದು ವಿಶೇಷ ವೇರಿಯೇಬಲ್. ಸರಪಳಿಯ ಒಬ್ಬೊಬ್ಬರ ಅಂಕಪಟ್ಟಿ ಅದರಲ್ಲಿರುತ್ತೆ. ಎಷ್ಟು ಜನ ನೋಡ್ತಾರೆ ಹೇಳಿ?

ಈಗ ಕನ್ನಡದವರಾಗಿ ನಮಗೆ ಹತ್ತಿರದ ವಿಷಯ. ಎಲ್‌ಸಿ ಆಲ್ ಅನ್ನೋ ಪರಿಸರ ವೇರಿಯೇಬಲ್ ಒಂದಿದೆ. ಕಂಪ್ಯೂಟರಿಗೆ 'ನೀನು ಯಾವ ಭಾಷೆಯವನು' ಅಂತ ಹೇಳೋದು ಅದೇ. ಜೀನೋಮ್ ಕೆಲಸದವರು ಸಾರ್ಟ್ ಬೇಗ ಆಗಲಿ ಅಂತ ಇದಕ್ಕೆ ಸಿ ಅಂತ ಬೆಲೆ ಕೊಡ್ತಾರೆ. ಹಾಗೆ ಕೊಟ್ರೆ ಕಂಪ್ಯೂಟರ್ ಅಕ್ಷರ ನೋಡಲ್ಲ, ಬೈಟ್ ನೋಡುತ್ತೆ. 'ಕನ್ನಡ' ಅನ್ನೋ ಪದದ ಉದ್ದ ಎಷ್ಟು ಅಂತ ಗಾಕ್ ಅನ್ನು ಕೇಳಿ. ಬೆಲೆ ಸಿ ಇದ್ರೆ 15. ಯುಟಿಎಫ್-8 ಇದ್ರೆ 5, ಯಾಕಂದ್ರೆ ಕ, ನ, ವಿರಾಮ ಚಿಹ್ನೆ, ನ, ಡ ಅಂತ ಐದು ಯೂನಿಕೋಡ್ ಬಿಂದುಗಳು, ಒಂದೊಂದಕ್ಕೂ ಮೂರು ಬೈಟ್. ಒಂದನೇ ಕ್ಲಾಸಿನ ಮಗು ಹೇಳೋದು 3. ಮೂರೂ ಸರಿ, ಯಾವ ಪ್ರಶ್ನೆಗೆ ಅನ್ನೋದಷ್ಟೇ ಬೇರೆ. ಬರೀ ಡಿಎನ್‌ಎ ಇದ್ದಾಗ ಈ ವ್ಯತ್ಯಾಸ ತೋರಲ್ಲ, ನಾಲ್ಕು ಅಕ್ಷರ, ನಾಲ್ಕು ಬೈಟ್. ಆದ್ರೆ ಹಳ್ಳಿಯ ಹೆಸರು, ಗಿಡದ ಸ್ಥಳೀಯ ಹೆಸರು, ರೋಗಿ ಕನ್ನಡದಲ್ಲೇ ಹೇಳಿದ ಲಕ್ಷಣ ಇವೆಲ್ಲ ಇರೋ ಟೇಬಲ್ಲನ್ನ 'ಮೊದಲ ಹತ್ತು ಅಕ್ಷರ ಇಟ್ಟುಕೋ' ಅಂದ್ರೆ, ಹತ್ತನೇ ಬೈಟ್ ಒಂದು ಅಕ್ಷರದ ನಡುವೆ ಬೀಳುತ್ತೆ. ಮೂರು ಚಿಲ್ಲರೆ ಅಕ್ಷರದ ಹಳ್ಳಿ ಯಾವ ನಕಾಶೆಯಲ್ಲೂ ಸಿಗಲ್ಲ. ಆರ್‌ನಲ್ಲಿ 'ಲೆಟರ್ಸ್' ಅಂತ ಮೊದಲೇ ತುಂಬಿಟ್ಟ ಪಟ್ಟಿಯೊಂದಿದೆ, ಅದರಲ್ಲಿರೋದು ಇಂಗ್ಲಿಷಿನ 26 ಅಕ್ಷರ ಮಾತ್ರ. ಮೊದಲೇ ತುಂಬಿಟ್ಟವರು ಯಾರು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಆರ್ ಬಂತಲ್ಲ, ಅದರ ಟಿ ಬಗ್ಗೆ ಹೇಳದೆ ಮುಂದೆ ಹೋಗಲಾರೆವು. ಆರ್‌ನಲ್ಲಿ 'ಟ್ರೂ' ಅನ್ನೋದು ಮೀಸಲು ಪದ, ಯಾರೂ ಮುಟ್ಟೋ ಹಾಗಿಲ್ಲ. ಅದರ ಚಿಕ್ಕ ರೂಪ ಟಿ ಮಾತ್ರ ಸಾಧಾರಣ ವೇರಿಯೇಬಲ್, 'ಸತ್ಯ' ಅನ್ನೋ ಬೆಲೆ ಮೊದಲೇ ತುಂಬಿರುತ್ತೆ, ಯಾರು ಬೇಕಾದ್ರೂ ಬದಲಿಸಬಹುದು. ಜೀವಶಾಸ್ತ್ರದವರಿಗೆ ಟಿ ಅಂದ್ರೆ ಏನು? ಥೈಮಿನ್! ಎ, ಸಿ, ಜಿ, ಟಿ ಎಣಿಸಿ ನಾಲ್ಕು ವೇರಿಯೇಬಲ್‌ಗೆ ಹಾಕೋದು ಎಷ್ಟು ಸಹಜ. ಥೈಮಿನ್ 25 ಇದ್ರೆ ಎಷ್ಟೋ ಕಡೆ ತೊಂದರೆ ಇಲ್ಲ, ಸೊನ್ನೆಯಲ್ಲದ್ದೆಲ್ಲ ಸತ್ಯ. ಥೈಮಿನ್ ಒಂದೂ ಇಲ್ಲದ ತುಣುಕು ಬಂದ ದಿನ ಟಿ ಸೊನ್ನೆ, ಅಂದ್ರೆ ಸುಳ್ಳು. ಅಲ್ಲಿಂದ ಮುಂದೆ 'ಬಿಟ್ಟುಹೋದ ಬೆಲೆಗಳನ್ನ ತೆಗೆದು ಸರಾಸರಿ ಹೇಳು, ಟಿ' ಅಂತ ಬರೆದ ಕಡೆಯೆಲ್ಲ ತೆಗೆಯಲ್ಲ. ಇಂಥ ದೋಷವನ್ನ ಕಾದಂಬರಿಕಾರರೂ ಕಲ್ಪಿಸಲಾರರು.

ಪೈಥಾನ್ ಅಭಿಮಾನಿಗಳು ಈಗ ಮೀಸೆ ತಿರುವ್ತಿರ್ತಾರೆ, ನಮ್ಮಲ್ಲಿ ಎಲ್ಲ ಬಿಡಿಸಿ ಬರೀಬೇಕು, ಇಂಥ ಮಂತ್ರ ಮಾಟ ಇಲ್ಲ ಅಂತ. ಅರ್ಧ ಸತ್ಯ. 2014ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ನೇಚರ್ ಪ್ರೋಟೋಕಾಲ್ಸ್‌ನಲ್ಲಿ ಪ್ರಕಟಿಸಿದ ಪೈಥಾನ್ ಸ್ಕ್ರಿಪ್ಟ್‌ಗಳು ಬೇರೆಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲಿ ಬೇರೆಬೇರೆ ಉತ್ತರ ಕೊಡ್ತವೆ ಅಂತ 2019ರಲ್ಲಿ ಹವಾಯಿಯ ತಂಡವೊಂದು ಆರ್ಗ್ಯಾನಿಕ್ ಲೆಟರ್ಸ್‌ನಲ್ಲಿ ತೋರಿಸಿಕೊಟ್ಟಿತು. ಕಾರಣ, ಫೋಲ್ಡರಿನ ಫೈಲುಗಳು ಯಾವ ಕ್ರಮದಲ್ಲಿ ಬರ್ತವೆ ಅಂತ ಯಾರೂ ಹೇಳಿರಲಿಲ್ಲ, ಒಂದು ಕ್ರಮ ಇದ್ದೇ ಇರುತ್ತೆ ಅಂತ ಸ್ಕ್ರಿಪ್ಟ್ ನಂಬಿತ್ತು. ಅದು ವೇರಿಯೇಬಲ್ ಕೂಡ ಅಲ್ಲ, ವೇರಿಯೇಬಲ್ ಆಗಿದ್ದಿದ್ರೆ ಒಂದು ಹೆಸರಾದರೂ ಇರ್ತಿತ್ತು. ಆರ್‌ನಲ್ಲಿ ಯಾದೃಚ್ಛಿಕ ಸಂಖ್ಯೆಗಳ ಸ್ಥಿತಿಯೂ ಹೀಗೇ ಒಂದು ಅಡಗಿದ ವೇರಿಯೇಬಲ್‌ನಲ್ಲಿರುತ್ತೆ. ಅದರ ಬೀಜ 123 ಅಂತ ಎಷ್ಟೋ ಪ್ರಬಂಧಗಳಲ್ಲಿ ಬರೆದಿರ್ತಾರೆ, ಸರಿ. ಆದ್ರೆ 2019ರ 3.6.0 ಆವೃತ್ತಿಯಲ್ಲಿ ಮಾದರಿ ಆರಿಸೋ ವಿಧಾನವೇ ಬದಲಾಯಿತು. ಅದೇ ಬೀಜ ಬಿತ್ತಿದ್ರೂ ಬೇರೆ ಬೆಳೆ. ಆವೃತ್ತಿ ಬರೆಯದ ಪ್ರಬಂಧದಲ್ಲಿ 123 ಅನ್ನೋದು ಅಲಂಕಾರ.

ಹೆಸರು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗಲ್ಲ, ಅದೂ ನಿಜ. ಸ್ಟ್ರಾಟ್‌ಫರ್ಡ್‌ನಲ್ಲಿ 'ಸ್ಟ್ರಾಟ್‌ಫರ್ಡ್ ಇಂಟರ್‌ನ್ಯಾಷನಲ್' ಅಂತ ಒಂದು ರೈಲು ನಿಲ್ದಾಣ ಇದೆ. 2009ರಲ್ಲಿ ತೆರೆದದ್ದು. ಅಲ್ಲಿಂದ ಇವತ್ತಿನವರೆಗೆ ಅಲ್ಲಿ ಒಂದೂ ಅಂತಾರಾಷ್ಟ್ರೀಯ ರೈಲು ನಿಂತಿಲ್ಲ. ಪ್ಯಾರಿಸ್‌ಗೆ ಹೋಗಬೇಕಾದವರು ಸೇಂಟ್ ಪ್ಯಾಂಕ್ರಾಸ್‌ಗೇ ಹೋಗಬೇಕು. ಪರ್ಲ್‌ನಲ್ಲೂ ಉದ್ದದ ಹೆಸರುಗಳು ಬೇಕು ಅನ್ನೋರಿಗೆ 'ಇಂಗ್ಲಿಷ್' ಅಂತ ಒಂದು ಮಾಡ್ಯೂಲ್ ಇದೆ. (ಕನ್ನಡ ಮಾಡ್ಯೂಲ್ ಒಂದನ್ನ ಯಾರಾದರೂ ಬರೆದ್ರೆ ನಾವು ಮೊದಲ ಗ್ರಾಹಕರು.) ಆದ್ರೆ ಅದನ್ನ ಹಾಗೇ ಬಳಸಿದ್ರೆ ಹಿಂದೆಲ್ಲ ಪ್ರೋಗ್ರಾಂ ನಿಧಾನ ಆಗ್ತಿತ್ತು. ಹುಡುಕಾಟದಲ್ಲಿ ಸಿಕ್ಕಿದ್ದನ್ನ ಇಟ್ಟುಕೊಳ್ಳೋ $& ಅನ್ನೋ ವೇರಿಯೇಬಲ್ ಪ್ರೋಗ್ರಾಮಿನ ಯಾವುದೋ ಮೂಲೆಯಲ್ಲಿ ಒಂದು ಸಲ ಬಂದ್ರೂ ಸಾಕು, ಇಡೀ ಪ್ರೋಗ್ರಾಮಿನ ಪ್ರತಿ ಹುಡುಕಾಟಕ್ಕೂ ಹೆಚ್ಚುವರಿ ನಕಲು ಮಾಡಬೇಕಾಗ್ತಿತ್ತು. 2014ರ 5.20 ಆವೃತ್ತಿಯವರೆಗೂ ಅದೇ ಕಥೆ. ಕೋಟಿಗಟ್ಟಲೆ ಸಾಲು ಹುಡುಕೋ ಜೀನೋಮ್ ಕೆಲಸದವರು ಓದೋಕೆ ಬರೋ ಹೆಸರನ್ನ ಬಿಟ್ಟು ಗೀಟುಗೆರೆಯನ್ನೇ ಆರಿಸಿಕೊಂಡಿದ್ರೆ ಅದು ಬರೀ ಹಠ ಅಲ್ಲ.

ಎಣಿಕೆ ಎಲ್ಲಿಂದ ಶುರು ಅಂತ ಹೇಳೋ $[ ಕೂಡ ಇತ್ತು. ಸೊನ್ನೆ ಬದಲು ಒಂದು ಅಂತ ಕೊಡಬಹುದಿತ್ತು. ಬೆಡ್ ಫೈಲ್ ಸೊನ್ನೆಯಿಂದ ಎಣಿಸುತ್ತೆ, ಜಿಎಫ್‌ಎಫ್ ಒಂದರಿಂದ ಎಣಿಸುತ್ತೆ, ನಡುವೆ ಪ್ರೋಗ್ರಾಮಿನ ಎಣಿಕೆಯೇ ಅಲುಗಾಡಿದ್ರೆ ಒಂದು ಬೇಸ್ ಅತ್ತಿತ್ತ ಸರಿಯೋದು ಖಂಡಿತ. 2019ರ 5.30ರಲ್ಲಿ ಪರ್ಲ್‌ನವರು ಅದಕ್ಕೆ ಸೊನ್ನೆ ಬಿಟ್ಟು ಬೇರೆ ಬೆಲೆ ಕೊಡೋದನ್ನೇ ನಿಲ್ಲಿಸಿದ್ರು. ಒಳ್ಳೇದೇ ಮಾಡಿದ್ರು.

ಹಾಗಾದ್ರೆ ಎಲ್ಲಾ ಹಳೇ ಸ್ಕ್ರಿಪ್ಟ್ ಎಸೆದುಬಿಡೋಣವಾ? ಈಗ ಎಲ್ಲೆಡೆ ನಡೀತಿರೋದು ಸುಮಾರು ಇದೇ. ಹಳೇ ಪರ್ಲನ್ನ ಎಐ ಚಾಟ್‌ಗೆ ಕೊಟ್ಟು 'ಪೈಥಾನ್‌ಗೆ ಬದಲಿಸಿಕೊಡು' ಅನ್ನೋದು. ಬರೋ ಕೋಡ್ ನೀಟಾಗಿರುತ್ತೆ, ಓಡುತ್ತೆ ಕೂಡ. ನಮ್ಮ ತಕರಾರು ಯಂತ್ರದ ಮೇಲಲ್ಲ. ಮೂಲದಲ್ಲಿ ಬರೆದೇ ಇಲ್ಲದ್ದನ್ನ ಅನುವಾದದಲ್ಲಿ ಹುಡುಕೋದು ಹೇಗೆ? ಮೂವತ್ತು ಸಾಲು ಮೇಲೆ ಬದಲಾದ ಡಾಲರ್ ಸ್ಲ್ಯಾಶ್, ಬಳಕೆದಾರರ ಲಾಗಿನ್ ಫೈಲಿನಲ್ಲಿ ಕೂತ ಎಲ್‌ಸಿ ಆಲ್, ಇವು ಕೊಟ್ಟ ತುಣುಕಿನಲ್ಲಿ ಇರೋದೇ ಇಲ್ಲ. ಹಳೆಯದು ಮತ್ತು ಹೊಸದು ಎರಡನ್ನೂ ಒಂದೇ ಫೈಲ್ ಮೇಲೆ ಓಡಿಸಿ, ಉತ್ತರ ಬೈಟಿಗೆ ಬೈಟ್ ಹೋಲಿಸೋ ತನಕ ಹಳೆಯದನ್ನ ಅಳಿಸಬಾರದು. ಹೋಲಿಕೆಗೆ ಬಳಸೋ ಫೈಲಿನಲ್ಲಿ ಕೊಳಕು ಇರಲಿ: ಒಂದು ಖಾಲಿ ಫೈಲ್, ತಲೆಬರಹದಲ್ಲಿ > ಇರೋದೊಂದು, ವಿಂಡೋಸಿನಿಂದ ಬಂದದ್ದೊಂದು, ಕನ್ನಡ ಇರೋದೊಂದು.

ಒಂದೇ ಸಾಲಿನ ಕೆಲಸಕ್ಕೆ, ಅಂದ್ರೆ ಬೆಳಿಗ್ಗೆ ಬಂದು 'ಈ ಫೈಲಲ್ಲಿ ಎಷ್ಟು ಸಾಲಿದೆ' ಅಂತ ನೋಡೋಕೆ, ಡಾಲರ್ ಅಂಡರ್‌ಸ್ಕೋರ್‌ಗೆ ನಮ್ಮ ಪೂರ್ತಿ ಬೆಂಬಲ. ಅಮ್ಮನ ಜೊತೆ ಯಾರಾದರೂ ಕರ್ತೃ ಕರ್ಮ ಕ್ರಿಯಾಪದ ಜೋಡಿಸಿ ಮಾತಾಡ್ತಾರಾ? ಪ್ರಬಂಧದ ಜೊತೆ ಹೋಗೋ ಕೋಡ್ ಬೇರೆ, ಅದು ಗುರುತಿಲ್ಲದವರಿಗೆ ಬರೆದ ಕಾಗದ. ಅದರ ಮೊದಲ ಹತ್ತು ಸಾಲಲ್ಲಿ ಭಾಷೆಯ ಆವೃತ್ತಿ, ಎಲ್‌ಸಿ ಆಲ್‌ನ ಬೆಲೆ, ಪೈಪ್‌ಫೇಲ್, ಬೀಜ, ಸಾಲಿನ ಗಡಿ ಇವನ್ನ ಸ್ಕ್ರಿಪ್ಟ್ ತಾನೇ ಲಾಗ್ ಫೈಲಿಗೆ ಬರೆದಿಡಬೇಕು. ಆಂಟಿಬಾಡಿಯ ಕಂಪನಿ, ಲಾಟ್ ನಂಬರ್ ಕೊಡದಿದ್ರೆ ವಿಮರ್ಶಕರು ಬಿಡಲ್ಲ ಅಲ್ವಾ? ಇದನ್ನೂ ಅದೇ ಹಠದಿಂದ ಕೇಳಿ. ವಿಮರ್ಶೆ ಬರೆಯೋರಲ್ಲಿ ನಮ್ಮ ಕೇಳುಗರೂ ಇದ್ದೀರಿ ಅಂತ ಗೊತ್ತು, ಹಾಗಾಗಿ ನೇರವಾಗಿ ನಿಮಗೇ ಹೇಳ್ತಿದ್ದೀವಿ. ಕರ್ನಾಟಕದಿಂದ ಇಲ್ಲಿಗೆ ಎಂಎಸ್ಸಿಗೆ ಬರೋ ಮಕ್ಕಳಿಗೂ ಒಂದು ಮಾತು: ಪಾಠದಲ್ಲಿ ಇದು ಬರದಿದ್ರೆ ನೀವೇ ಕೇಳಿ. ಟರ್ಮಿನಲ್‌ನಲ್ಲಿ 'ಪರ್ಲ್‌ಡಾಕ್ ಪರ್ಲ್‌ವಾರ್' ಅಂತ ಹೊಡೆದ್ರೆ ಪರ್ಲ್‌ನ ಎಲ್ಲಾ ಡಬ್ಬಿಗಳ ಪಟ್ಟಿ ಬರುತ್ತೆ, ಒಂದು ಸಂಜೆಯ ಓದು.

ನಿಮ್ಮ ಲ್ಯಾಬಿನಲ್ಲಿ ಹತ್ತು ವರ್ಷಕ್ಕಿಂತ ಹಳೇ ಸ್ಕ್ರಿಪ್ಟ್ ಇನ್ನೂ ಓಡ್ತಿದ್ರೆ ಈ ವಾರ ಒಂದ್ಸಲ ತೆರೆಯಿರಿ. ಡಾಲರ್ ಸ್ಲ್ಯಾಶ್ ಎಷ್ಟು ಕಡೆ ಬದಲಾಗಿದೆ, ಅದರ ಮುಂದೆ ಲೋಕಲ್ ಇದೆಯಾ ಇಲ್ವಾ ಅಂತ ಎಣಿಸಿ ನಮಗೆ ತಿಳಿಸಿ. ಬಂದ ಉತ್ತರಗಳನ್ನ ಮುಂದಿನ ಸಂಚಿಕೆಯಲ್ಲಿ ಓದ್ತೀವಿ.